ಟೋಸ್ಟರ್ ಹೋಳಿಗೆಯ ಡಬ್ಬಿ

ಉಕ್ಕುನಗರಂ, ವಿಶಾಖಪಟ್ಟಣ
೧೯ ನವೆಂಬರ್ ೨೦೦೬, ಭಾನುವಾರ ಬೆಳಿಗ್ಗೆ

ಪ್ರೀತಿಯ ಚಿನ್ನೂ,

ಅಪ್ಪನ ಆಶೀರ್ವಾದಗಳು. ಆಪರೇಷನ್ ಗಾಯ ಒಣಗಿತೇ? ಎದ್ದು ಓಡಾಡುವಾಗ ಸೊಂಟ ಹಿಡಿದುಕೊಳ್ಳುತ್ತದೆಯೇ? ಮಗು ಸರಿಯಾಗಿ ಹಾಲು ಕುಡಿಯುತ್ತದೆಯೇ, ನಿನ್ನನ್ನು ಮಲಗಲು ಬಿಡುತ್ತದೆಯೇ? ನೀನು ಹುಟ್ಟಿದಾಗ ನಾನು ಶಿಫ್ಟ್ ಮುಗಿಸಿ ಬರುವವರೆಗೂ ತಣ್ಣಗೆ ಮಲಗಿದ್ದು, ನಾನು ಚಪ್ಪಲಿ ಬಿಟ್ಟ ಕೂಡಲೇ ಎದ್ದು ಕೂಗಲು ಶುರು ಮಾಡುತ್ತಿದ್ದೆ. ಆ ಬುದ್ಧಿ ನಿನ್ನ ಮಗಳಿಗೂ ಬಂದಿದ್ದರೆ ಅಳಿಯ ಕೃಷ್ಣಚೈತನ್ಯನ ಪಾಡು ನೆನೆದು ನನಗೆ ನಗು ಬರಬೇಕು. ಬರುತ್ತಿಲ್ಲ. ಇಪ್ಪತ್ತೊಂದನೆಯ ದಿನದ ಬಾರಸಾಲ, ನಾಮಕರಣ ಬೇಡವೆಂದು ನೀನು ಹಟ ಹಿಡಿದೆಯಂತೆ, ಮಗುವನ್ನು ಇನ್ನೂ ತೊಟ್ಟಿಲಿಗೆ ಹಾಕಿಲ್ಲವಂತೆ. ನಿನ್ನ ಗಂಡ ಹೇಳಿದ.

ಹನ್ನೊಂದು ದಿನದಿಂದ ಸಂಜೆ ಏಳಕ್ಕೆ ಸರಿಯಾಗಿ ಪಟಮಟದ ನಿಮ್ಮ ಮನೆಗೆ ಫೋನ್ ಮಾಡುತ್ತಿದ್ದೇನೆ. ಕೃಷ್ಣಚೈತನ್ಯ ಎತ್ತಿಕೊಂಡು, "ಪಡುಕುಂದಿ ಮಾವಯ್ಯಗಾರು" ಎನ್ನುತ್ತಾನೆ, ಮಲಗಿದ್ದಾಳೆ ಎಂದು. ಸಂಜೆ ಏಳಕ್ಕೆ ನೀನು ದಿನವೂ ಮಲಗಿರುವುದಿಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಪಾಪ, ಒಳ್ಳೆಯ ಹುಡುಗ, ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಈ ಪತ್ರ. ನಿಮ್ಮಮ್ಮ ಹೋಗಿ ಎಂಬತ್ತೆಂಟು ದಿನ ಆದ ಮೇಲೆ, ಈ ತಿಂಗಳ ಎಂಟನೇ ತಾರೀಕು, ಅವನು ನಿನಗೆ ವಿಷಯ ಹೇಳಿದ. ಅಷ್ಟೂ ದಿನ ಅವಳು ಇದ್ದಾಳೆಂದೇ ನಿನ್ನನ್ನು ನಂಬಿಸಿದವನು ನಾನು. ನೀನು ನನ್ನ ಜೊತೆ ಮಾತಾಡದಿರುವುದು ನ್ಯಾಯವೇ. ಆದರೂ ನಾನು ಏನು ಮಾಡಿದೆ, ಹೇಗೆ ಮಾಡಿದೆ ಎಂಬುದನ್ನು ನಿನಗೆ ಪೂರ್ತಿ ಹೇಳಿಬಿಡುತ್ತೇನೆ. ಓದಿದ ಮೇಲೆ ಫೋನಿಗೆ ಬರುವುದೂ ಬಿಡುವುದೂ ನಿನ್ನಿಷ್ಟ. ಅವಳು ಹೋದ ದಿನದ ವಿವರವನ್ನೆಲ್ಲ ಕೃಷ್ಣಚೈತನ್ಯ ಹೇಳಿರುತ್ತಾನೆ, ಅದನ್ನು ಮತ್ತೆ ಬರೆಯಲಾರೆ.

ಆಗಸ್ಟಿನಲ್ಲಿ ನಿನಗೆ ಆರು ತಿಂಗಳು ತುಂಬಿ ನಡೆಯುತ್ತಿತ್ತು. ಮಾಸು ಕೆಳಗಿದೆ, ಹಾಸಿಗೆ ಬಿಟ್ಟು ಏಳಬಾರದು, ರೈಲು ಬಸ್ಸು ಹತ್ತಲೇಬಾರದು ಎಂದು ಡಾಕ್ಟರು ಹೇಳಿದ್ದರಿಂದ ನಿನ್ನನ್ನು ಇಲ್ಲಿಗೆ ಬಾಣಂತನಕ್ಕೆ ಕರೆತರುವ ಮಾತೇ ನಿಂತಿತ್ತು. ಅವಳು ಹೋದ ದಿನ ನಾನು ಮೊದಲು ಫೋನ್ ಮಾಡಿದ್ದು ನಿಮ್ಮತ್ತೆಗೆ. ಗಂಗಾಭವಾನಿಯವರು ಆ ಕಡೆಯಿಂದ ಅತ್ತರು. ಆಮೇಲೆ ದನಿ ತಗ್ಗಿಸಿ, "ಇಪ್ಪುಡು ಚೆಪ್ಪೊದ್ದು ಅನ್ನಯ್ಯಗಾರು, ಇದ್ದರಿ ಪ್ರಾಣಾಲು" ಎಂದರು. ಈಗ ಹೇಳುವುದು ಬೇಡ, ಎರಡು ಜೀವದ ಪ್ರಶ್ನೆ ಎಂದು. ನಾನು ಸರಿ ಎಂದೆ. ತಪ್ಪನ್ನು ಅವರ ತಲೆಗೆ ಕಟ್ಟಲು ಇದನ್ನು ಬರೆಯುತ್ತಿಲ್ಲ. ಅವರು ಹೇಳದಿದ್ದರೂ ನಾನು ಹಾಗೇ ಮಾಡುತ್ತಿದ್ದೆನೋ ಏನೋ. ಅಮ್ಮನಿಗೆ ಗಂಟಲಲ್ಲಿ ಗಂಟು, ಆಪರೇಷನ್ ಆಗಿದೆ, ಮೂರು ತಿಂಗಳು ಮಾತಾಡಬಾರದು ಎಂದು ಕಥೆ ಕಟ್ಟಿದವನು ನಾನೇ. ಮೂವತ್ತು ವರ್ಷ ಲಾಗ್‌ಬುಕ್ಕಿನಲ್ಲಿ ಒಂದು ಸುಳ್ಳು ಅಂಕಿ ಬರೆಯದವನಿಗೆ ಇಂಥದ್ದು ಎಲ್ಲಿಂದ ಹೊಳೆಯಿತೋ. ನಾನು ಬಂದು ನಿನ್ನನ್ನು ನೋಡುವಂತೆಯೂ ಇರಲಿಲ್ಲ. ಗಂಡು ಮಕ್ಕಳಿಲ್ಲದ ಮನೆ, ಕರ್ಮ ಮಾಡಿದವನು ನಾನು, ತಲೆಯಲ್ಲೂ ಮೂತಿಯಲ್ಲೂ ಒಂದು ಕೂದಲಿರಲಿಲ್ಲ. ನೋಡಿದ ಕೂಡಲೇ ನಿನಗೆ ತಿಳಿಯುತ್ತಿತ್ತು.

ನೀನು ನಂಬಿದೆ. ಆದರೆ ಮಾರನೆಯ ವಾರವೇ ಫೋನಿನಲ್ಲಿ, "ಮಾತಾಡಕ್ಕಾಗದಿದ್ರೆ ಬೇಡ, ಟೋಸ್ಟರ್ ಹೋಳಿಗೆ ಮಾಡಿ ಕಳ್ಸಕ್ಕೆ ಹೇಳಪ್ಪಾ, ಬಾಯೆಲ್ಲ ಕೆಟ್ಟುಹೋಗಿದೆ" ಎಂದೆ. ನಾನು ಹೋಗಿ ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದು ನೋಡಿದೆ. ಅವಳೇ ಮಾಡಿಟ್ಟಿದ್ದು ಎಂಟು ಇದ್ದವು, ನಡುನಡುವೆ ಬೆಣ್ಣೆ ಕಾಗದ, ಎಲ್ಲಾ ಒಂದು ಸ್ಟೀಲ್ ಡಬ್ಬಿಯಲ್ಲಿ. ಎಂಟನ್ನೂ ನಿನಗೆ ಕಳಿಸಿದೆ. ಒಂದಾದರೂ ನಾನು ತಿನ್ನಬಹುದಿತ್ತು. ಆಗ ಹಾಗೆ ಅನ್ನಿಸಲಿಲ್ಲ. ಈಗ ದಿನಕ್ಕೊಂದು ಸಲವಾದರೂ ಅನ್ನಿಸುತ್ತದೆ.

ಆ ತಿಂಡಿ ನಮ್ಮ ಮನೆಗೆ ಬಂದ ಬಗೆ ನಿನಗೆ ನೆನಪಿದೆಯೋ ಇಲ್ಲವೋ. ನೀನು ಎಂಟನೇ ಕ್ಲಾಸು. ಎದುರು ಕ್ವಾರ್ಟರ್ಸಿನ ಜಗನ್ಮೋಹನ್ ಡೆಪ್ಯುಟೇಷನ್ ಮುಗಿಸಿ ಹೊರದೇಶದಿಂದ ಬರುವಾಗ ಒಂದು ಪೆಟ್ಟಿಗೆ ತಂದಿದ್ದರು, ಬೆಳ್ಳಿ ಕಾಗದದಲ್ಲಿ ಎರಡೆರಡು ಚಪ್ಪಟೆ ಬಿಸ್ಕತ್ತು, ಒಳಗೆ ಜಾಮು, ಟೋಸ್ಟರಿನಲ್ಲಿ ಬಿಸಿ ಮಾಡಿ ತಿನ್ನುವುದು. ಬೀದಿಯ ಮಕ್ಕಳಿಗೆಲ್ಲ ಅರ್ಧರ್ಧ ಸಿಕ್ಕಿತು. ನೀನು ತಿಂದು ಬಂದು ಆ ಕಾಗದವನ್ನು ಗಣಿತದ ಪುಸ್ತಕದಲ್ಲಿಟ್ಟುಕೊಂಡು ವಾರಗಟ್ಟಲೆ ಮೂಸುತ್ತಿದ್ದೆ. ಕಾರ್ಖಾನೆಯಲ್ಲಿ ಒಂದು ವರ್ಷ ಗುರಿ ಮುಟ್ಟಿದ್ದಕ್ಕೆ ಎಲ್ಲರಿಗೂ ಕೊಟ್ಟ ಟೋಸ್ಟರು ನಮ್ಮ ಅಟ್ಟದ ಮೇಲೆ ಪೆಟ್ಟಿಗೆಯಲ್ಲೇ ಇತ್ತು, ದೋಸೆ ತಿನ್ನುವವರ ಮನೆಯಲ್ಲಿ ಅದಕ್ಕೇನು ಕೆಲಸ. ನಿಮ್ಮಮ್ಮ ಹರಿಣಾಕ್ಷಿ ಅದನ್ನು ಇಳಿಸಿದಳು. ಮೊದಲ ಸಲ ಅನಾನಸ್ ಜಾಮು ತುಂಬಿ ಮಾಡಿದಳು. ಜಾಮು ಸೋರಿ, ಕಂಬಿಯ ಮೇಲೆ ಸುಟ್ಟು, ಹೊಗೆ ಎದ್ದು, ಫ್ಯೂಸು ಹೋಗಿ, ಪಕ್ಕದ ಮನೆಯವರು ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ಬಂದಿದ್ದರು. ಎರಡನೆಯ ಸಲ ಮಾವಿನ ತಾಂಡ್ರವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಇಟ್ಟಳು. ಅದು ಒಣಗಿದ ಮಾವಿನ ಹಣ್ಣು ತಾನೇ, ಬಿಸಿಗೆ ಮೆತ್ತಗಾಗುತ್ತದೆ, ಸೋರುವುದಿಲ್ಲ. ನಿನ್ನ ಬಾಯಿಂದ ಅದಕ್ಕೆ ಟೋಸ್ಟರ್ ಹೋಳಿಗೆ ಎಂಬ ಹೆಸರು ಬಂತು, ಹಾಗೇ ಉಳಿಯಿತು.

ಎರಡನೆಯ ಡಬ್ಬಿಯಿಂದ ಎಲ್ಲವೂ ನನ್ನವು, ಚಿನ್ನೂ. ಅವಳ ಅಡುಗೆ ಪುಸ್ತಕದಲ್ಲಿ ಬರೆದಿದ್ದು ನಾಲ್ಕೇ ಸಾಲು. "ಮೈದಾ, ತಣ್ಣಗಿನ ತುಪ್ಪ, ಉಪ್ಪು, ಕೈಗೆ ಹದ ಗೊತ್ತಾಗುವಷ್ಟು ನೀರು." ಯಾರ ಕೈಗೆ ಎಂದು ಬರೆದಿಲ್ಲ. ನಾನು ಮೊದಲು ಮಾಡಿದ್ದು ಚಪ್ಪಡಿ ಕಲ್ಲಾಯಿತು. ಎರಡನೆಯದು ಓವನ್ನಿನಲ್ಲೇ ಪುಡಿಯಾಯಿತು. ಆಮೇಲೆ ತಿಳಿಯಿತು, ತುಪ್ಪವನ್ನು ಗಟ್ಟಿಯಾಗಿರುವಾಗಲೇ ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಬೇಕು, ರವೆಯಂತೆ ಆಗಬೇಕು, ಆಮೇಲೆ ಫ್ರಿಜ್ಜಿನ ನೀರು ಚಿಮುಕಿಸಿ ಒಟ್ಟುಗೂಡಿಸಬೇಕು, ನಾದಬಾರದು. ಅರ್ಧ ಗಂಟೆ ತಣ್ಣಗೆ ಬಿಡಬೇಕು. ಲಟ್ಟಿಸುವುದು ಮಾತ್ರ ನನ್ನ ಕ್ಷೇತ್ರ. ಉಕ್ಕು ಲಟ್ಟಿಸುವ ರೋಲಿಂಗ್ ಮಿಲ್ಲಿನವನಿಗೆ ಹಿಟ್ಟು ಲಟ್ಟಿಸುವುದನ್ನು ಯಾರು ಕಲಿಸಬೇಕು? ವರ್ಕ್‌ಶಾಪಿನಿಂದ ಮೂರು ಮಿಲಿಮೀಟರಿನ ಎರಡು ಉಕ್ಕಿನ ಪಟ್ಟಿ ತಂದು, ತೊಳೆದು, ಹಿಟ್ಟಿನ ಎರಡೂ ಪಕ್ಕ ಇಟ್ಟು, ಅವುಗಳ ಮೇಲೆ ಲಟ್ಟಣಿಗೆ ಓಡಿಸಿದೆ. ಎಲ್ಲಿ ನೋಡಿದರೂ ಮೂರು ಮಿಲಿಮೀಟರ್. ಸ್ಕೇಲ್ ಇಟ್ಟು ಹತ್ತು ಸೆಂಟಿಮೀಟರ್ ಉದ್ದ, ಏಳೂವರೆ ಅಗಲ ಕತ್ತರಿಸಿದೆ. ಒಂದು ತುಂಡಿನ ಮೇಲೆ ತಾಂಡ್ರ, ಸುತ್ತ ಒಂದು ಬೆರಳು ಅಂಚು ಬಿಟ್ಟು, ಮೇಲೊಂದು ತುಂಡು ಮುಚ್ಚಿ, ಫೋರ್ಕಿನಲ್ಲಿ ಅಂಚು ಒತ್ತಿ, ಮೇಲ್ಭಾಗಕ್ಕೆ ಆರು ತೂತು. ಐದನೆಯ ಡಬ್ಬಿಯ ಹದಿನಾಲ್ಕನ್ನು ಒಂದರ ಮೇಲೊಂದು ಪೇರಿಸಿ ನೋಡಿದೆ, ಒಂದು ಅಂಚೂ ಆಚೀಚೆ ಇರಲಿಲ್ಲ. ನಿಮ್ಮಮ್ಮ ಇದ್ದಿದ್ದರೆ, "ಏನ್ರೀ, ತಿಂಡಿ ಮಾಡ್ತಿದೀರೋ ಪ್ಲೇಟ್ ಉರುಳಿಸ್ತಿದೀರೋ" ಎನ್ನುತ್ತಿದ್ದಳು. ಅವಳಿಗೆ ಅಳತೆಯ ಹಂಗೇ ಇರಲಿಲ್ಲ. ಅವಳ ಎಂಟರಲ್ಲಿ ಒಂದು ಅಂಗೈಯಷ್ಟಿದ್ದರೆ ಇನ್ನೊಂದು ಪೋಸ್ಟ್ ಕಾರ್ಡಿನಷ್ಟು, ಕೊನೆಯಲ್ಲಿ ಉಳಿದ ಹಿಟ್ಟಿನದಂತೂ ಮೂರು ಮೂಲೆಯದು. ಅದು ಟೋಸ್ಟರಿನಲ್ಲಿ ಸಿಕ್ಕಿಕೊಳ್ಳುವುದು, ಅವಳು ಅದನ್ನು ಬೈಯುವುದು, ನಿತ್ಯದ ಮಾತಾಗಿತ್ತು.

ಬೇಯಿಸುವುದು ನಮ್ಮ ಹಳೆಯ ದುಂಡು ಓವನ್ನಿನಲ್ಲೇ. ಬಣ್ಣ ಬರುವ ಮೊದಲೇ ತೆಗೆಯಬೇಕು, ಉಳಿದರ್ಧ ಟೋಸ್ಟರಿನ ಕೆಲಸ. ಅದರ ಮುಚ್ಚಳದ ಅಂಚು ಎಷ್ಟು ಹುಷಾರಾಗಿದ್ದರೂ ಮಣಿಕಟ್ಟಿಗೆ ತಾಗಿಯೇ ತಾಗುತ್ತದೆ. ನಿಮ್ಮಮ್ಮನ ಬಲಗೈಯಲ್ಲಿ ಬಳೆಯ ಕೆಳಗೆ ಇನ್ನೊಂದು ಬಳೆಯಂತೆ ಕಲೆ ಇತ್ತಲ್ಲ, ನೀನು ಚಿಕ್ಕವಳಿದ್ದಾಗ ಅದಕ್ಕೆ ಮುಲಾಮು ಹಚ್ಚುವುದು ನಿನ್ನ ಕೆಲಸವಾಗಿತ್ತು. ನನಗೂ ಅಲ್ಲೇ ಸುಟ್ಟಿದೆ. ಸುಟ್ಟಿದ್ದು ಗೊತ್ತಾಗಲಿಲ್ಲ ಎಂದರೆ ನಂಬುತ್ತೀಯಾ? ಸಂಜೆ ಸ್ನಾನ ಮಾಡುವಾಗ ಬೊಬ್ಬೆ ಕಂಡು, ಇದ್ಯಾವಾಗ ಆಯಿತು ಎಂದು ಯೋಚಿಸಿದೆ. ಆಗಸ್ಟಿನಿಂದ ನನಗೆ ಎಲ್ಲವೂ ಹಾಗೇ ಇದೆ. ಚಿತೆಗೆ ಬೆಂಕಿ ಇಟ್ಟಾಗ ಅಳಲಿಲ್ಲ. ಅವಳ ಸೀರೆಗಳನ್ನು ಮಡಿಸಿ ಇಟ್ಟಾಗ ಅಳಲಿಲ್ಲ. ಡ್ಯೂಟಿಗೆ ಹೋಗುತ್ತೇನೆ, ಕ್ಯಾಂಟೀನಿನಲ್ಲಿ ಊಟ ಮಾಡುತ್ತೇನೆ, ಸಾರಿಗೆ ಉಪ್ಪಿದೆಯೋ ಇಲ್ಲವೋ ಪಕ್ಕದವರು ಹೇಳಿದರೆ ತಿಳಿಯುತ್ತದೆ. ಇದನ್ನು ದುಃಖ ಎನ್ನಲು ನನಗೇ ಸಂಕೋಚ. ದುಃಖ ಇದಕ್ಕಿಂತ ಜೋರಾಗಿರುತ್ತದೆ ಎಂದುಕೊಂಡಿದ್ದೆ.

ಫ್ರೀಜರಿನಲ್ಲಿ ಇಡುವುದರಲ್ಲೂ ಒಂದು ಕ್ರಮವಿದೆ, ಮುಂದೆ ನಿನಗೆ ಬೇಕಾದೀತು. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕು. ಸ್ವಲ್ಪ ಬಿಸಿ ಉಳಿದರೂ ಒಳಗೆ ಬೆವರಿ, ಅದು ಮಂಜಾಗಿ, ಆಮೇಲೆ ಮುದ್ದೆಯಾಗುತ್ತದೆ. ಎರಡರ ನಡುವೆ ಬೆಣ್ಣೆ ಕಾಗದ ಮರೆಯಬೇಡ. ಒಂದೂವರೆ ತಿಂಗಳು ಕೆಡುವುದಿಲ್ಲ, ಹೊರಗಾದರೆ ಎರಡು ದಿನ, ನಿಮ್ಮ ವಿಜಯವಾಡದ ಸೆಕೆಯಲ್ಲಿ ಒಂದೇ ದಿನ. ತಿನ್ನುವಾಗ ಫ್ರೀಜರಿನಿಂದ ನೇರ ಟೋಸ್ಟರಿಗೆ, ಕಡಿಮೆ ಬಿಸಿಯಲ್ಲಿ ಎರಡು ಸಲ. ಹಾಲಿನಲ್ಲಿ ಕಲಸಿದ ಸಕ್ಕರೆ ಪುಡಿ ಬೇಕಿದ್ದರೆ ತಟ್ಟೆಗೆ ಬಂದ ಮೇಲೆ ಹಚ್ಚು, ಮೊದಲೇ ಹಚ್ಚಿದರೆ ಮತ್ತೆ ಫ್ಯೂಸು. ನಿಮ್ಮತ್ತೆ ಅದಕ್ಕೆ ಆವಕಾಯಿ ಉಪ್ಪಿನಕಾಯಿ ನಂಜಿಕೊಂಡು ತಿಂದು ಚೆನ್ನಾಗಿದೆ ಎಂದರಂತೆ. ಅದನ್ನು ಕೇಳಿದ್ದರೆ ಹರಿಣಾಕ್ಷಿ ಎರಡು ದಿನ ಊಟ ಬಿಡುತ್ತಿದ್ದಳು.

ಕಾಮೇಶ್ವರ ನಮ್ಮ ಮಿಲ್ಲಿನವನೇ, ಮನೆ ನಿಮ್ಮ ವಿಜಯವಾಡದ ಗವರ್ನರ್‌ಪೇಟೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಶನಿವಾರ ರತ್ನಾಚಲ್ ರೈಲು ಹತ್ತಿ ಊರಿಗೆ ಹೋಗುವಾಗ ಡಬ್ಬಿಯನ್ನು ಪೇಪರಿನಲ್ಲಿ, ಅದರ ಮೇಲೆ ಟವೆಲ್ಲಿನಲ್ಲಿ ಸುತ್ತಿ ಅವನ ಕೈಗೆ ಕೊಡುತ್ತಿದ್ದೆ. ಸೋಮವಾರ ಅವನು ಬರುವಾಗ ಡಬ್ಬಿ ವಾಪಸ್ಸು ತರುತ್ತಿದ್ದ. ಇದೊಂದನ್ನು ನಾನು ಯೋಚಿಸಿಯೇ ಇರಲಿಲ್ಲ. "ಖಾಲಿ ಡಬ್ಬಿ ಕಳಿಸ್ಬಾರ್ದು ಕಣೆ, ಒಂದು ಚಮಚ ಸಕ್ಕರೆನಾದ್ರೂ ಹಾಕು" ಎಂದು ನಿಮ್ಮಮ್ಮ ನಿನಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳಲ್ಲ. ನೀನು ಮರೆತಿರಲಿಲ್ಲ. ಮೊದಲನೆಯ ಸಲ ದುರ್ಗಮ್ಮನ ಗುಡಿಯ ಕುಂಕುಮ, ಒಂದು ಡಜನ್ ಹಸಿರು ಬಳೆ. ಎರಡನೆಯ ಸಲ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ, ಅದನ್ನು ಅವಳ ಫೋಟೋಕ್ಕೆ ಹಾಕಿದೆ, ಬೇರೆ ಎಲ್ಲಿ ಹಾಕಲಿ? ಮೂರನೆಯ ಸಲ, ಆಪರೇಷನ್ ಆದ ಗಂಟಲಿಗೆ ಗಾಳಿ ತಾಗಬಾರದೆಂದು ಮಲಗಿದಲ್ಲೇ ನೀನು ಹೆಣೆದ ನೀಲಿ ಮಫ್ಲರು. ನಾಲ್ಕನೆಯ ಸಲ ಅಂಟಿಸಿದ ಕವರು, ಮೇಲೆ "ಅಮ್ಮನಿಗೆ ಮಾತ್ರ" ಎಂದು ಬರೆದಿದ್ದೆ. ಅದನ್ನು ನಾನು ಒಡೆದಿಲ್ಲ. ಈ ಪತ್ರದ ಜೊತೆ ಹಾಗೇ ಇಡುತ್ತೇನೆ. ಎಲ್ಲವನ್ನೂ ಅವಳ ಬೀರುವಿನ ನಡುವಿನ ಅರೆಯಲ್ಲಿ ಜೋಡಿಸಿದೆ. ದೀಪಾವಳಿಗೆ ಹೋಗಿಬಂದ ಐದನೆಯ ಡಬ್ಬಿಯನ್ನು ತೆರೆಯುವ ಧೈರ್ಯವೇ ಬರಲಿಲ್ಲ. ಹಬ್ಬವಲ್ಲವೇ, ಒಳಗೆ ರವಿಕೆ ಕಣ ಇರುತ್ತದೆ, ಅರಿಶಿನ ಇರುತ್ತದೆ ಎಂದು ಟವೆಲ್ಲು ಕೂಡ ಬಿಚ್ಚದೆ ಅದನ್ನೂ ಬೀರುವಿಗೆ ಸೇರಿಸಿದೆ. ಅದಾಗಿ ನಾಲ್ಕು ದಿನಕ್ಕೆ ನಿನಗೆ ಹೆರಿಗೆಯಾಯಿತು.

ಮಗು ಹುಟ್ಟಿದ ದಿನವೇ ಓಡಿಬರಬೇಕಿತ್ತು. ಕೂದಲೂ ಬೆಳೆದಿತ್ತು. ಅವಳು ಹಸಿ ಬಾಣಂತಿ, ನೀವೊಬ್ಬರೇ ಬಂದರೆ ತಾಯಿ ಎಲ್ಲಿ ಎಂದು ಕೇಳುತ್ತಾಳೆ, ಹತ್ತು ದಿನ ತಾಳಿ ಎಂದು ನಿಮ್ಮತ್ತೆ ಹೇಳಿದರು. ತಾಳಿದೆ. ತಾಳುವುದು ನನಗೆ ಈಗ ಸುಲಭ, ಏನೂ ಅನ್ನಿಸದವನಿಗೆ ಅದೇನು ಕಷ್ಟ? ಹನ್ನೆರಡನೆಯ ದಿನ ಕೃಷ್ಣಚೈತನ್ಯ ಫೋನ್ ಮಾಡಿ, ನಾನೇ ಹೇಳಿಬಿಡಲೇ ಎಂದು ಕೇಳಿದ. ಹೇಳಪ್ಪಾ ಎಂದೆ. ಆ ಕೆಲಸ ನನ್ನದಾಗಿತ್ತು, ಚಿನ್ನೂ. ಅದನ್ನು ಇನ್ನೊಬ್ಬರ ಮನೆಯ ಹುಡುಗನ ತಲೆಗೆ ಹಾಕಿದೆ. ನೀನು ಅಳಲಿಲ್ಲವಂತೆ, "ಅಪ್ಪ ಯಾಕೆ ಹೇಳಲಿಲ್ಲ" ಎಂದಷ್ಟೇ ಕೇಳಿ ಗೋಡೆಯ ಕಡೆ ತಿರುಗಿ ಮಲಗಿದೆಯಂತೆ. ಅಳದಿರುವುದು ನನ್ನಿಂದ ಬಂದ ಗುಣ ಆಗದಿರಲಿ ಎಂದು ಸಿಂಹಾಚಲದ ಸ್ವಾಮಿಯನ್ನು ಕೇಳಿಕೊಂಡಿದ್ದೇನೆ.

ನನ್ನನ್ನು ಕ್ಷಮಿಸು ಎನ್ನಲು ನಾಲಗೆ ಏಳುತ್ತದೆ, ಬರೆಯಲು ಕೈ ಏಳುತ್ತಿಲ್ಲ. ಒಂದೇ ಒಂದು ಕೇಳುತ್ತೇನೆ. ಇವತ್ತೋ ನಾಳೆಯೋ, ನಿನಗೆ ಮನಸ್ಸು ಬಂದ ದಿನ, ಸಂಜೆ ಏಳಕ್ಕೆ ಫೋನು ನೀನೇ ಎತ್ತು. ಮಾತಾಡದಿದ್ದರೂ ಪರವಾಗಿಲ್ಲ. ಮಗುವನ್ನು ಹತ್ತಿರ ಹಿಡಿದರೆ ಸಾಕು.

ಬಾಣಂತಿ ತಣ್ಣೀರಿಗೆ ಕೈ ಹಾಕಬೇಡ, ಕಿವಿಗೆ ಹತ್ತಿ ಇಟ್ಟುಕೋ, ಇದನ್ನು ಹೇಳಬೇಕಾದವಳು ಇಲ್ಲದ್ದರಿಂದ ನಾನು ಹೇಳುತ್ತಿದ್ದೇನೆ. ಕೃಷ್ಣಚೈತನ್ಯನಿಗೆ ಆಶೀರ್ವಾದ, ನಿಮ್ಮತ್ತೆಗೆ ನಮಸ್ಕಾರ. ಹೆಸರಿಲ್ಲದ ನನ್ನ ಮೊಮ್ಮಗಳ ಅಂಗಾಲಿಗೆ ಒಂದು ಮುತ್ತು. ನೂರು ಕಾಲ ನೀವೆಲ್ಲ ಚೆನ್ನಾಗಿರಿ.

ಇತಿ, ನಿನ್ನ ಅಪ್ಪ
ರಮಾಕಾಂತ

ಮ.ವಿ.: ಪತ್ರ ಮುಗಿಸಿ, ನಿನ್ನ ಕವರು ತರಲು ಬೀರು ತೆಗೆದೆ. ಎಲ್ಲವನ್ನೂ ಹೇಳಿದೆ ಎಂದು ಬರೆದ ಮೇಲೆ ಒಂದು ಡಬ್ಬಿಯನ್ನು ಕಟ್ಟಿದಂತೆಯೇ ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿ ಐದನೆಯದನ್ನು ಈಗ ಬಿಚ್ಚಿದೆ. ಬಳೆ ಇಲ್ಲ, ಕುಂಕುಮ ಇಲ್ಲ, ರವಿಕೆ ಕಣ ಇಲ್ಲ. ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮಿನ ಒಂದು ಟ್ಯೂಬು. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿದ ಚೀಟಿ, ಅಕ್ಟೋಬರ್ ಇಪ್ಪತ್ತೆರಡನೆಯ ತಾರೀಕಿನದು. "ಅಪ್ಪಾ, ಮಣಿಕಟ್ಟಿಗೆ ಹಚ್ಚಿಕೋ. ಎಲ್ಲಾ ಹೋಳಿಗೆ ಒಂದೇ ಅಳತೆ ಇವೆ. ಅಮ್ಮ ಯಾವತ್ತು ಹೋದಳು ಅಂತ ನೀನೇ ನನಗೆ ಹೇಳು, ಬೇರೆ ಯಾರ ಬಾಯಿಂದಲೂ ಬೇಡ. ನಾನು ಗಟ್ಟಿಯಾಗಿದ್ದೀನಿ. ಕಾಯ್ತಿರ್ತೀನಿ."

ಹೆರಿಗೆಗೆ ಮೊದಲೇ ನಿನಗೆ ಗೊತ್ತಿತ್ತು. ಗೊತ್ತಿಟ್ಟುಕೊಂಡು ಹೆತ್ತೆ, ಆಮೇಲೂ ಹನ್ನೆರಡು ದಿನ ಕಾದೆ, ನಾನು ನಿನ್ನ ಗಂಡನಿಗೆ ಹೇಳಪ್ಪಾ ಎಂದೆ. ಕೇಳು ಹಾಗಾದರೆ. ಆಗಸ್ಟ್ ಹನ್ನೆರಡು, ಶನಿವಾರ, ಬೆಳಿಗ್ಗೆ ಎಂಟೂ ನಲವತ್ತು. ಹಿಟ್ಟು ಕಲಸಿ ಫ್ರಿಜ್ಜಿಗಿಟ್ಟು, ಚಿನ್ನೂಗೆ ಇನ್ನೊಂದು ಡಜನ್ ಮಾಡ್ತೀನಿ ಎಂದು ನನಗೆ ಹೇಳಿ, ಬಟ್ಟೆ ಹರವಲು ಹಿತ್ತಲಿಗೆ ಹೋದಳು. ಉಳಿದದ್ದನ್ನು ಎದುರು ಕೂತು ನನ್ನ ಬಾಯಿಂದಲೇ ಹೇಳುತ್ತೇನೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ಕಾಮೇಶ್ವರನ ಕೈಗೂ ಕೊಡುವುದಿಲ್ಲ. ನಾಳೆಯ ರತ್ನಾಚಲ್ಲಿಗೆ ನಾನೇ ಹೊರಟಿದ್ದೇನೆ, ಸಂಜೆ ಏಳರ ಹೊತ್ತಿಗೆ ಪಟಮಟದಲ್ಲಿರುತ್ತೇನೆ. ನೀನು ಮುಖ ನೋಡದಿದ್ದರೆ ಇದನ್ನು ನಿಮ್ಮತ್ತೆಯ ಕೈಯಲ್ಲಿಟ್ಟು ವರಾಂಡದಲ್ಲಿ ಕೂತಿರುತ್ತೇನೆ.

ನಾನು ಕಲಸಿ ತಣ್ಣಗಿಟ್ಟಿದ್ದ ಹಿಟ್ಟನ್ನು ಈಗಷ್ಟೇ ಫ್ರಿಜ್ಜಿನಿಂದ ತೆಗೆದೆ. ಡಬ್ಬಿ ಖಾಲಿ ತರಬಾರದಲ್ಲ. ಉಕ್ಕಿನ ಪಟ್ಟಿ ಬೇಕಾಗಿಲ್ಲ, ಸ್ಕೇಲೂ ಬೇಡ. ಎಷ್ಟಾಗುತ್ತದೋ ಗೊತ್ತಿಲ್ಲ, ಕೊನೆಯದು ಮೂರು ಮೂಲೆಯದಾದೀತು. ಮುಲಾಮು ಹಚ್ಚಿಕೊಂಡೆ. ಉರಿಯುತ್ತಿದೆ.